ಸೊನ್ನೆ ಸಾಫಾಗಿ ಕಟ್ ಆಗಬೇಕಾದರೆ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಮ್ಮಂಥ ಸ್ಟಿಕ್ಕರ್ ಅಂಗಡಿಗಳಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ನವೆಂಬರ್ 1ರೊಳಗೆ ಆಟೊದ ಹಿಂಬದಿಗೆ, ಬೈಕಿನ ಟ್ಯಾಂಕಿಗೆ, ಟೆಂಪೊದ ಗಾಜಿಗೆ ಕನ್ನಡ ಏರಬೇಕು. ‘ಸಿರಿಗನ್ನಡಂ ಗೆಲ್ಗೆ’ ಎಂಬ ಸಾಲನ್ನಂತೂ ಪ್ರತಿ ವರ್ಷ ತಪ್ಪದೆ ಕೇಳುತ್ತಾರೆ. ಕಂಪ್ಯೂಟರಿನ ಗೆರೆಯಂತೆ ವಿನೈಲ್ ಸ್ಟಿಕ್ಕರ್ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸುವ ಯಂತ್ರ, ಕಟಿಂಗ್ ಪ್ಲಾಟರ್, ತಂದ ಮೊದಲ ವರ್ಷ ನನ್ನನ್ನು ಕಾಡಿದ್ದು ಇದೇ ಸಾಲು. ಸಿ, ರಿ, ಗ ಸರಿಯಾಗಿ ಬಂದವು. ‘ನ್ನ’ದ ಒತ್ತು ಬೇಡದ ಭಾಗ ಎತ್ತುವಾಗ ಅದರ ಜೊತೆಯಲ್ಲೇ ಎದ್ದು ಬಂತು. ‘ಡಂ’ನ ಸೊನ್ನೆ ಒಂದು ಕಡೆ ಮಾತ್ರ ಕಟ್ ಆಗಿ, ಇನ್ನೊಂದು ಕಡೆ ಎಳೆಯಂತೆ ಅಂಟಿಕೊಂಡಿತ್ತು. ಕಟ್ ಸಾಲದು ಎಂದುಕೊಂಡು ಬ್ಲೇಡ್ ಒತ್ತುವ ಫೋರ್ಸ್ ಅನ್ನು 80 ಗ್ರಾಮಿನಿಂದ 110ಕ್ಕೆ, ಅಲ್ಲಿಂದ 150ಕ್ಕೆ ಏರಿಸಿದೆ. ಹಿಂದಿನ ಕಾಗದವೂ ಸೀಳಿ ಹೋಯಿತೇ ಹೊರತು ಸೊನ್ನೆ ಬಿಡಲಿಲ್ಲ. ‘ಅಣ್ಣಾ, ಬೆಳಿಗ್ಗೆ ಎಂಟಕ್ಕೇ ಮೆರವಣಿಗೆ’ ಅಂತ ಆಟೊದವರೊಬ್ಬರು ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಬ್ಲೇಡ್ ಹೋಲ್ಡರ್ ಬಿಚ್ಚಿ ನೋಡಿದರೆ, ಕೂದಲೆಳೆಯಷ್ಟು ಸಣ್ಣ ವಿನೈಲ್ ಚೂರೊಂದು ಬ್ಲೇಡಿನ ಬುಡಕ್ಕೆ ಸುತ್ತಿಕೊಂಡಿತ್ತು. ಬ್ಲೇಡ್ ತಿರುಗುತ್ತಲೇ ಇರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಇವತ್ತಿಗೂ ಮೊದಲು ಮುಟ್ಟುವುದು ಆ ಫೋರ್ಸ್ ಬಟನ್ನನ್ನೇ. ಹತ್ತರಲ್ಲಿ ಎಂಟು ಸಲ ಕಾಯಿಲೆ ಅಲ್ಲಿರುವುದಿಲ್ಲ. ಬ್ಲೇಡಿನ ತುದಿ ಎಷ್ಟು ಆಳಕ್ಕೆ ಇಳಿಯುತ್ತಿದೆ, ಮೂಲೆ ಬಂದಾಗ ಹೇಗೆ ತಿರುಗುತ್ತಿದೆ, ಇವೆರಡು ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಹಾಳೆಯನ್ನೇ ನೋಡೋಣ. ರೋಲಿನಿಂದ ಒಂದು ತುಂಡು ಹರಿದು ಅಂಚನ್ನು ಉಗುರಿನಿಂದ ಬಿಡಿಸಿದರೆ ಮೂರು ಪದರ ಸಿಗುತ್ತವೆ. ಮೇಲೆ ಬಣ್ಣದ ವಿನೈಲ್, ಅದರ ಬೆನ್ನಿಗೆ ಗಮ್, ಅದರ ಕೆಳಗೆ ಸಿಲಿಕಾನ್ ಸವರಿದ ನುಣುಪಾದ ಕಾಗದ. ಸಾಧಾರಣ ಬೋರ್ಡು, ವಾಹನಗಳಿಗೆ ಬಳಸುವ ವಿನೈಲಿನ ದಪ್ಪ 0.06ರಿಂದ 0.1 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಕೆಳಗಿನ ಕಾಗದ ಅದಕ್ಕಿಂತ ದಪ್ಪ. ಬ್ಲೇಡ್ ಮಾಡಬೇಕಾದ ಕೆಲಸ ಬಹಳ ಸೂಕ್ಷ್ಮ: ಕೂದಲಿನಷ್ಟು ದಪ್ಪದ ವಿನೈಲನ್ನು ಪೂರ್ತಿ ಕತ್ತರಿಸಬೇಕು, ಗಮ್ ದಾಟಬೇಕು, ಕಾಗದವನ್ನು ಮುಟ್ಟಿ ಗೀರಬೇಕು, ಆದರೆ ಸೀಳಬಾರದು. ದೋಸೆ ಮಗುಚುವಾಗ ಸಟ್ಟುಗ ಹೆಂಚಿಗೆ ತಾಗಬೇಕು, ಹೆಂಚನ್ನು ಕೆರೆಯಬಾರದು, ಹಾಗೆ.

ಹಾಗಾದರೆ ಬ್ಲೇಡ್ ಹೋಲ್ಡರಿನಿಂದ ಎಷ್ಟು ಹೊರಗಿರಬೇಕು? ವಿನೈಲಿನ ದಪ್ಪ ಮತ್ತು ಕಾಗದದ ಅರ್ಧ ದಪ್ಪ, ಎರಡೂ ಸೇರಿದರೆ ಎಷ್ಟಾಗುತ್ತದೋ ಅಷ್ಟು. ಸಾಧಾರಣ ವಿನೈಲಿಗೆ ಅದು 0.2 ಮಿಲಿಮೀಟರಿನ ಆಸುಪಾಸು. ಅಂದಾಜು ಬೇಕಿದ್ದರೆ ಎಟಿಎಂ ಕಾರ್ಡನ್ನು ಅಡ್ಡ ಹಿಡಿದು ಅಂಚು ನೋಡಿ. ಅದರ ದಪ್ಪ 0.76 ಮಿಲಿಮೀಟರ್. ಅದರ ಕಾಲು ಭಾಗದಷ್ಟು ಬ್ಲೇಡ್ ಹೊರಗೆ ಬಂದರೆ ಸಾಕು. ಕಣ್ಣಿಗೆ ಅದು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ಹೊಳಪಾಗಿ ಕಾಣುತ್ತದೆ. ಬೆರಳ ತುದಿಯನ್ನು ಹೋಲ್ಡರಿನ ಮೂತಿಗೆ ಮೆಲ್ಲಗೆ ಅಡ್ಡ ಎಳೆದರೆ ಹರಳಿನಂತೆ ತಾಗುತ್ತದೆ, ಅಷ್ಟೆ. ಸೂಜಿಯಂತೆ ಎದ್ದು ಕಾಣುತ್ತಿದ್ದರೆ ಖಂಡಿತ ಜಾಸ್ತಿಯಾಗಿದೆ.

ಇದನ್ನು ಪರೀಕ್ಷಿಸಲು ಯಂತ್ರವೇ ಬೇಕಿಲ್ಲ. ಹೋಲ್ಡರನ್ನು ಕೈಗೆ ತೆಗೆದುಕೊಂಡು, ಅದೇ ವಿನೈಲಿನ ತುಂಡಿನ ಮೇಲೆ ಪೆನ್ನಿನಂತೆ ನೆಟ್ಟಗೆ ಹಿಡಿದು, ಬರೆಯುವಾಗ ಒತ್ತುವಷ್ಟೇ ಒತ್ತಿ ಒಂದು ಗೆರೆ ಎಳೆಯಿರಿ. ವಿನೈಲ್ ಬಿಡಿಸಿ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತೆಳ್ಳನೆಯ ಗೀರು ಕಾಣಬೇಕು. ಹಿಂಬದಿಯಲ್ಲಿ ಬೆರಳಾಡಿಸಿದರೆ ಏನೂ ತಾಗಬಾರದು. ಉಬ್ಬು ತಾಗಿದರೆ ಬ್ಲೇಡನ್ನು ಒಳಗೆ ತೆಗೆದುಕೊಳ್ಳಬೇಕು. ಇಷ್ಟಾದ ಮೇಲೆಯೇ ಯಂತ್ರಕ್ಕೆ ಹಾಕಿ ಫೋರ್ಸ್ ಹೊಂದಿಸುವುದು. ಬ್ಲೇಡ್ ಎಷ್ಟು ಹೊರಗಿದೆ ಎನ್ನುವುದು ಆಳದ ಎಲ್ಲೆ. ಆ ಎಲ್ಲೆಯ ತನಕ ತಲುಪಿಸುವುದು ಫೋರ್ಸಿನ ಕೆಲಸ. ಎಲ್ಲೆಯೇ ಇಲ್ಲದೆ ಬ್ಲೇಡನ್ನು ಉದ್ದಕ್ಕೆ ಬಿಟ್ಟು ಬರೀ ಫೋರ್ಸಿನಿಂದ ಆಳ ಹಿಡಿಯಲು ಹೋದರೆ, ರೋಲ್ ಸ್ವಲ್ಪ ಉಬ್ಬಿದ ಕಡೆ ಆಳ, ತಗ್ಗಿದ ಕಡೆ ಮೇಲ್ಮೇಲೆ. ಒಂದೇ ಸಾಲಿನಲ್ಲಿ ಎರಡು ಥರ ಕಟ್ ಬರುವುದು ಹೀಗೆ.

ಟೇಬಲ್ ಮೇಲೆ ಕೂರುವ ಯಂತ್ರಗಳ ಬಲವೇನೂ ಭಾರಿಯದಲ್ಲ. ನಮ್ಮಲ್ಲಿ ಅನೇಕರು ಬಳಸುವ ರೋಲ್ಯಾಂಡ್ ಜಿಎಸ್-24 ಯಂತ್ರದ ಫೋರ್ಸ್ 30ರಿಂದ 350 ಗ್ರಾಮ್. ಹೊಸ ಬ್ಲೇಡ್ ಇದ್ದರೆ ಸಾಧಾರಣ ವಿನೈಲಿಗೆ 60ರಿಂದ 100ರೊಳಗೆ ಕೆಲಸ ಮುಗಿಯುತ್ತದೆ. ನಾನು ಯಾವಾಗಲೂ ಕೆಳಗಿನಿಂದ ಹತ್ತತ್ತು ಗ್ರಾಮ್ ಏರಿಸುತ್ತ ಹೋಗುತ್ತೇನೆ, ಮೇಲಿನಿಂದ ಇಳಿಸುವುದಿಲ್ಲ. ಹೆಚ್ಚಿಗೆ ಇಟ್ಟು ಶುರು ಮಾಡಿದರೆ ಕಟ್ ಚೆನ್ನಾಗಿಯೇ ಕಾಣುತ್ತದೆ, ಕಾಗದ ಒಳಗೆ ಅರ್ಧ ಸೀಳಿರುವುದು ಬಿಡಿಸುವಾಗಲೇ ಗೊತ್ತಾಗುವುದು.

ಯಂತ್ರದ ಟೆಸ್ಟ್ ಕಟ್ ಅನ್ನು ಬಹಳ ಜನ ಬರೀ ಶಾಸ್ತ್ರಕ್ಕೆ ಮಾಡುತ್ತಾರೆ. ಅದರಲ್ಲಿ ಎಷ್ಟು ವಿಷಯ ಅಡಗಿದೆ ಎಂದು ನೋಡಿದರೆ ಯಾರೂ ಬಿಡುವುದಿಲ್ಲ. ವೃತ್ತದೊಳಗೆ ಒಂದು ಚೌಕ ಕಟ್ ಆಗಿರುತ್ತದೆ. ಮೊದಲು ಎತ್ತಬೇಕಾದ್ದು ಹೊರಗಿನ ವೃತ್ತದ ಭಾಗವನ್ನು. ಅದು ಎದ್ದು ಬರುವಾಗ ಒಳಗಿನ ಚೌಕ ಅಲುಗದೆ ಕೂತಿದ್ದರೆ ವಿನೈಲ್ ಪೂರ್ತಿ ಕಟ್ ಆಗಿದೆ. ಚೌಕದ ಒಂದು ಮೂಲೆ ಮಾತ್ರ ಜೊತೆಗೆ ಎದ್ದರೆ ಆ ಮೂಲೆಯಲ್ಲಿ ಎರಡು ಕಟ್ ಕೂಡಿಲ್ಲ. ಆಮೇಲೆ ಚೌಕವನ್ನೂ ತೆಗೆದು ಕಾಗದದ ಮೇಲಿನ ಗೀರನ್ನು ನೋಡಬೇಕು. ನಾಲ್ಕೂ ಬದಿಯಲ್ಲಿ ಗೀರು ಒಂದೇ ಸಮ ಇದೆಯೇ? ಅಡ್ಡ ಗೆರೆ ಚೆನ್ನಾಗಿದ್ದು ಉದ್ದ ಗೆರೆ ಮಸುಕಾಗಿದ್ದರೆ ತಪ್ಪು ಫೋರ್ಸಿನದಲ್ಲ, ಬ್ಲೇಡ್ ಸರಿಯಾಗಿ ತಿರುಗುತ್ತಿಲ್ಲ. ಈ ಟೆಸ್ಟನ್ನು ರೋಲಿನ ಒಂದೇ ಮೂಲೆಯಲ್ಲಿ ಮಾಡದೆ ಎಡ, ನಡು, ಬಲ ಮೂರೂ ಕಡೆ ಮಾಡಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ತಿರುಗುವ ವಿಷಯ. ಇಡೀ ಕೆಲಸದ ಜೀವ ಇರುವುದೇ ಇಲ್ಲಿ.

ಪ್ಲಾಟರಿನ ಬ್ಲೇಡನ್ನು ಯಾವ ಮೋಟರೂ ತಿರುಗಿಸುವುದಿಲ್ಲ. ಹೋಲ್ಡರಿನೊಳಗೆ ಸಣ್ಣ ಬೇರಿಂಗುಗಳ ನಡುವೆ ಅದು ಸಡಿಲವಾಗಿ ನಿಂತಿರುತ್ತದೆ. ಆಫೀಸಿನ ಉರುಳು ಕುರ್ಚಿಯ ಗಾಲಿಯನ್ನು ನೆನಪಿಸಿಕೊಳ್ಳಿ. ಕುರ್ಚಿಯನ್ನು ಎತ್ತ ಎಳೆದರೂ ಗಾಲಿ ತಾನೇ ಹೊರಳಿ ಹಿಂದೆ ಬರುತ್ತದೆ, ಏಕೆಂದರೆ ಗಾಲಿ ನೆಲಕ್ಕೆ ತಾಗುವ ಜಾಗ ಅದರ ಕಂಬದ ನೇರಕ್ಕಿಲ್ಲ, ತುಸು ಹಿಂದಕ್ಕಿದೆ. ಬ್ಲೇಡಿನ ತುದಿಯೂ ಹಾಗೆಯೇ. ಬ್ಲೇಡ್ ಕಡ್ಡಿಯ ನಟ್ಟನಡುವಿಗೆ ಅದರ ಚೂಪು ತುದಿ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಬಹಳಷ್ಟು ಬ್ಲೇಡುಗಳಲ್ಲಿ ಈ ಅಂತರ 0.25 ಮಿಲಿಮೀಟರ್. ಇದನ್ನೇ ಆಫ್‌ಸೆಟ್ ಎನ್ನುವುದು.

ಅಂದರೆ ಯಂತ್ರ ಹೋಲ್ಡರನ್ನು ಎಲ್ಲಿಗೆ ಒಯ್ದಿದೆಯೋ ಅಲ್ಲಿ ತುದಿ ಇನ್ನೂ ಬಂದಿರುವುದಿಲ್ಲ, ಕಾಲು ಮಿಲಿಮೀಟರ್ ಹಿಂದಿರುತ್ತದೆ. ನೇರ ಗೆರೆಯಲ್ಲಿ ಇದರಿಂದ ತೊಂದರೆಯಿಲ್ಲ. ಚೌಕದ ಮೂಲೆಯಲ್ಲಿ ಹೋಲ್ಡರ್ ತಟ್ಟನೆ ಹೊರಳಿಬಿಟ್ಟರೆ, ತುದಿ ಮೂಲೆ ಮುಟ್ಟುವ ಮೊದಲೇ ಅಡ್ಡದಾರಿ ಹಿಡಿಯುತ್ತದೆ ಮತ್ತು ಮೂಲೆ ದುಂಡಗಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಆಫ್‌ಸೆಟ್ ಎಷ್ಟೆಂದು ಹೇಳಿಕೊಟ್ಟಿರುತ್ತೇವೆ. ಅದು ಹೋಲ್ಡರನ್ನು ಮೂಲೆಗಿಂತ ಕಾಲು ಮಿಲಿಮೀಟರ್ ಮುಂದಕ್ಕೆ ಒಯ್ದು, ತುದಿ ಮೂಲೆಯಲ್ಲೇ ನಿಂತಿರುವಂತೆ ಒಂದು ಸಣ್ಣ ಕಮಾನು ಸುತ್ತಿ, ಬ್ಲೇಡಿನ ಮುಖ ಹೊರಳಿದ ಮೇಲೆ ಹೊಸ ದಿಕ್ಕಿಗೆ ಹೊರಡುತ್ತದೆ. ಯಂತ್ರದ ಹತ್ತಿರ ಕೂತು ನೋಡಿದರೆ ಪ್ರತಿ ಮೂಲೆಯಲ್ಲೂ ತಲೆ ಒಂದು ಸಣ್ಣ ಕೊಂಕು ಹಾಕುವುದು ಕಾಣಿಸುತ್ತದೆ.

ಈ ಸಂಖ್ಯೆ ಕಡಿಮೆಯಾದರೆ ಮೂಲೆಗಳು ದುಂಡಗೆ. ಹೆಚ್ಚಾದರೆ ಮೂಲೆಯಲ್ಲಿ ಕಿವಿಯಂಥ ಸಣ್ಣ ಚುಂಚು ಹೊರಗೆ ಬರುತ್ತದೆ. ಟೆಸ್ಟ್ ಚೌಕದ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಯಾವ ಕಡೆ ತಪ್ಪಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಂಗ್ಲಿಷ್ ದೊಡ್ಡಕ್ಷರಗಳಿಗೆ ಈ ತಪ್ಪು ಅಷ್ಟು ಎದ್ದು ಕಾಣುವುದಿಲ್ಲ. ಅವುಗಳಲ್ಲಿ ಅರ್ಧಕ್ಕರ್ಧ ನೇರ ಗೆರೆಗಳು. ನಮ್ಮ ಲಿಪಿ ದುಂಡು ಲಿಪಿ. ತಲೆಕಟ್ಟಿನ ಕೊಂಕು, ಸುರುಳಿ, ಸೊನ್ನೆ, ಒತ್ತಿನ ಬಾಲ, ಎಲ್ಲವೂ ಸಣ್ಣ ಸಣ್ಣ ತಿರುವು. ಆಫ್‌ಸೆಟ್ ಲೆಕ್ಕವೇ ಇಲ್ಲದೆ ಹೋಲ್ಡರ್ ಒಂದು ವೃತ್ತ ಸುತ್ತಿತು ಎಂದಿಟ್ಟುಕೊಳ್ಳಿ. ತುದಿ ಅದರ ಒಳಗೆ ಇನ್ನೊಂದು ಚಿಕ್ಕ ವೃತ್ತ ಸುತ್ತುತ್ತದೆ. ಹೋಲ್ಡರಿನ ವೃತ್ತದ ತ್ರಿಜ್ಯ 5 ಮಿಲಿಮೀಟರ್ ಇದ್ದರೆ ತುದಿಯದು 4.99, ಯಾರಿಗೂ ಗೊತ್ತಾಗದು. ತ್ರಿಜ್ಯ 1 ಮಿಲಿಮೀಟರ್ ಇದ್ದರೆ 0.97. ಅರ್ಧ ಮಿಲಿಮೀಟರಿಗೆ ಇಳಿದರೆ 0.43. ಅಂದರೆ ತಿರುವು ಚಿಕ್ಕದಾದಷ್ಟೂ ತಪ್ಪು ದೊಡ್ಡದು. ಒಂದಿಂಚಿನ ‘ಡಂ’ನಲ್ಲಿ ಕಾಣದ ದೋಷ ಅರ್ಧ ಇಂಚಿನ ‘ಡಂ’ನಲ್ಲಿ ಸೊನ್ನೆಯನ್ನು ಕೋಳಿಮೊಟ್ಟೆ ಮಾಡುತ್ತದೆ.

ಸೊನ್ನೆಗೆ ಇನ್ನೊಂದು ಕಷ್ಟವಿದೆ. ಬ್ಲೇಡ್ ಹೊಸ ಆಕಾರವನ್ನು ಶುರು ಮಾಡುವಾಗ ಅದರ ಮುಖ ಹಿಂದಿನ ಗೆರೆಯ ದಿಕ್ಕಿಗೇ ಇರುತ್ತದೆ. ಮೊದಲ ಕೆಲವು ಕೂದಲೆಳೆಯಷ್ಟು ದೂರ ಹೊರಳುತ್ತ ಹೊರಳುತ್ತ ಕತ್ತರಿಸುತ್ತದೆ. ಹಾಗಾಗಿ ಶುರುವಾದ ಜಾಗಕ್ಕೆ ಮರಳಿ ಬಂದು ಮುಗಿಸಿದಾಗ ಎರಡು ತುದಿ ಕೂಡದೆ ನಡುವೆ ಒಂದು ಎಳೆ ಉಳಿಯಬಹುದು. ಬಿಡಿಸುವಾಗ ಸೊನ್ನೆ ಕಿತ್ತು ಬರುವುದು ಆ ಎಳೆಯಿಂದ. ಇದಕ್ಕೆ ಮದ್ದು ಓವರ್‌ಕಟ್. ಶುರುವಾದ ಜಾಗವನ್ನು ದಾಟಿ ಇನ್ನಷ್ಟು ಮುಂದಕ್ಕೆ ಕತ್ತರಿಸು ಎಂದು ಹೇಳುವುದು. ನಾನು ಸಣ್ಣ ಅಕ್ಷರಕ್ಕೆ ಅರ್ಧ ಮಿಲಿಮೀಟರ್ ಓವರ್‌ಕಟ್ ಇಡುತ್ತೇನೆ. ಜಾಸ್ತಿ ಇಟ್ಟರೆ ಚೂಪು ಮೂಲೆಗಳಲ್ಲಿ ಗೀರು ಅಕ್ಷರದೊಳಕ್ಕೆ ಹೋಗುತ್ತದೆ, ಬಿಸಿಲಿಗೆ ಆ ಗೀರೇ ಬಾಯಿ ಬಿಡುತ್ತದೆ.

ಮೂಲೆಯಲ್ಲಿ ತುದಿ ನಿಂತಲ್ಲೇ ಹೊರಳುತ್ತದೆ ಎಂದೆನಲ್ಲ, ಆಗ ಅದು ಎಷ್ಟು ಆಳದಲ್ಲಿ ಹೂತಿದೆ ಎನ್ನುವುದೇ ಎಲ್ಲ. ವಿನೈಲ್ ಮಾತ್ರ ದಾಟಿ ನಿಂತಿದ್ದರೆ ಸಲೀಸಾಗಿ ಹೊರಳುತ್ತದೆ. ಕಾಗದದೊಳಗೆ ಆಳಕ್ಕೆ ಇಳಿದಿದ್ದರೆ, ಕೆಸರಲ್ಲಿ ಹೂತ ಗಾಲಿಯಂತೆ, ಹೊರಳಲು ಒದ್ದಾಡುತ್ತದೆ. ಹೊರಳುವಾಗ ವಿನೈಲನ್ನೂ ಎಳೆಯುತ್ತದೆ. ಮೂಲೆ ಹರಿದಂತೆ ಬರುತ್ತದೆ. ನಾವು ಅದನ್ನು ನೋಡಿ ‘ಕಟ್ ಆಗಿಲ್ಲ’ ಎಂದುಕೊಂಡು ಫೋರ್ಸ್ ಇನ್ನೂ ಏರಿಸುತ್ತೇವೆ. ಆ ರಾಜ್ಯೋತ್ಸವದ ಹಿಂದಿನ ರಾತ್ರಿ ನಾನು ಮಾಡಿದ್ದು ಇದನ್ನೇ.

ಬ್ಲೇಡಿನ ಬಗ್ಗೆ ಒಂದೆರಡು ಮಾತು. ಬಜಾರಿನಲ್ಲಿ ಸಿಗುವ ರೋಲ್ಯಾಂಡ್ ಮಾದರಿಯ ಬ್ಲೇಡುಗಳಿಗೆ ಹಳದಿ ಟೋಪಿ ಇದ್ದರೆ ತುದಿಯ ಕೋನ 30 ಡಿಗ್ರಿ, ಕೆಂಪು 45, ನೀಲಿ 60 ಎಂಬ ರೂಢಿಯಿದೆ. ದಿನದ ಕೆಲಸಕ್ಕೆ 45. ದಪ್ಪ ಹಾಳೆಗೆ, ತೀರಾ ಸಣ್ಣ ಅಕ್ಷರಕ್ಕೆ 60. ಅದು ಕಡಿದಾಗಿ ಇಳಿಯುವುದರಿಂದ ಒಂದು ಸಲಕ್ಕೆ ವಿನೈಲಿನಲ್ಲಿ ಹೂತಿರುವ ಅಂಚು ಕಡಿಮೆ, ಹೊರಳಲು ಸುಲಭ. ಅಗ್ಗದ ಬ್ಲೇಡುಗಳ ಒಂದು ಡಬ್ಬಿ ತಂದಾಗ ಐದರಲ್ಲಿ ಎರಡರ ತುದಿ ಮೊದಲೇ ಮುರಿದಿತ್ತು. ಭೂತಗನ್ನಡಿ ಇಲ್ಲದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಚೂಪು ತುದಿಯ ಜಾಗದಲ್ಲಿ ಬಿಳಿ ಚುಕ್ಕೆಯಂತೆ ಬೆಳಕು ಮಿನುಗಿದರೆ ಅದು ಮುರಿದ ತುದಿ. ಅದರಿಂದ ಏನೇ ಮಾಡಿದರೂ ವಿನೈಲಿನ ಅಂಚು ಉಬ್ಬುತ್ತದೆ, ಕತ್ತರಿಸಿದಂತಿರದೆ ಉತ್ತಂತಿರುತ್ತದೆ.

ಬ್ಲೇಡನ್ನು ಬೇಗ ಸವೆಸುವುದರಲ್ಲಿ ‘ರೇಡಿಯಂ’ನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಈ ಹೆಸರು ನಮ್ಮ ಬಾಯಲ್ಲಿ ಎಷ್ಟು ಕೂತಿದೆ ಎಂದರೆ ಎಲ್ಲ ಸ್ಟಿಕ್ಕರ್ ಅಂಗಡಿಯೂ ‘ರೇಡಿಯಂ ಕಟಿಂಗ್’ ಅಂಗಡಿಯೇ. ಆದರೆ 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ರೇಡಿಯಂ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು, ಹೊಳೆಯುವುದಕ್ಕೆಲ್ಲ ಆ ಹೆಸರು ನಿಂತಿತು. ನಮ್ಮ ಪ್ರತಿಫಲಕ ಹಾಳೆ ತಾನಾಗಿ ಹೊಳೆಯುವುದಿಲ್ಲ. ಅನೇಕ ಹಾಳೆಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ, ಲೈಟ್ ಬಿದ್ದ ಕಡೆಗೇ ಬೆಳಕನ್ನು ತಿರುಗಿ ಕಳಿಸುತ್ತವೆ. ಬ್ಲೇಡ್ ಕತ್ತರಿಸುತ್ತಿರುವುದು ಆ ಗಾಜಿನ ಮರಳನ್ನು. ಒಮ್ಮೆ ರೇಡಿಯಂ ಕಟ್ ಮಾಡಿದ ಬ್ಲೇಡನ್ನು ಬೇರೆಯೇ ಇಡಿ, ಮತ್ತೆ ಸಾದಾ ವಿನೈಲಿಗೆ ಹಾಕಬೇಡಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ನಂಬರ್ ಫಲಕ ಕಂಪನಿಯಿಂದಲೇ ಬರತೊಡಗಿದ ಮೇಲೆ ನಂಬರ್ ಪ್ಲೇಟಿನ ರೇಡಿಯಂ ಕೆಲಸ ಇಳಿದಿದೆ. ಈಗ ಹೆಚ್ಚಾಗಿ ಬರುವುದು ಹೆಸರು, ದೇವರು, ಊರು. ಅವೆಲ್ಲ ಕನ್ನಡದಲ್ಲಿ, ಸಣ್ಣ ತಿರುವುಗಳಲ್ಲಿ. ಅದಕ್ಕೇ ಬ್ಲೇಡಿನ ಮೇಲೆ ನಿಗಾ ಮೊದಲಿಗಿಂತ ಹೆಚ್ಚು ಬೇಕಾಗಿದೆ.

ಹೋಲ್ಡರನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ಒಳಗಿನ ಧೂಳು, ವಿನೈಲ್ ಚೂರು ತೆಗೆಯಬೇಕು. ಬ್ಲೇಡ್ ಹಾಕಿದ ಮೇಲೆ ತುದಿಯನ್ನು ಕಾಗದಕ್ಕೆ ತಾಗಿಸಿ ನಾಲ್ಕೂ ದಿಕ್ಕಿಗೆ ಎಳೆದು ನೋಡಿ. ಪ್ರತಿ ಸಲವೂ ತಡೆಯಿಲ್ಲದೆ ಹೊರಳಬೇಕು.

ಮೂರು ಕಡೆ ಟೆಸ್ಟ್ ಮಾಡಿ ಎಂದೆನಲ್ಲ, ಅದರ ಗುಟ್ಟು ಬ್ಲೇಡಿನ ಕೆಳಗೆ ಅಡ್ಡಕ್ಕೆ ಅಂಟಿಸಿರುವ ಬಿಳಿ ಪಟ್ಟಿಯಲ್ಲಿದೆ. ಬ್ಲೇಡ್ ಒತ್ತುವುದು ಅದರ ಮೇಲೆ. ಯಾರಾದರೂ ಒಮ್ಮೆ ಹಾಳೆಯಿಲ್ಲದೆ ಯಂತ್ರ ಓಡಿಸಿದ್ದರೆ, ಅಥವಾ ನನ್ನಂತೆ ಆಳ ಹೆಚ್ಚಿಟ್ಟು ಕಾಗದ ಸೀಳಿದ್ದರೆ, ಆ ಪಟ್ಟಿಯಲ್ಲಿ ಗುಳಿ ಬಿದ್ದಿರುತ್ತದೆ. ಗುಳಿಯ ಮೇಲೆ ಹಾಳೆ ಬಗ್ಗುತ್ತದೆ, ಅಲ್ಲಿ ಕಟ್ ಆಗುವುದಿಲ್ಲ. ಪ್ರತಿ ಕೆಲಸದಲ್ಲೂ ಒಂದೇ ಜಾಗದಲ್ಲಿ ಅಕ್ಷರ ಬಿಡದಿದ್ದರೆ ಬೇರೆಲ್ಲೂ ಹುಡುಕಬೇಡಿ, ಪಟ್ಟಿಯ ಮೇಲೆ ಉಗುರು ಆಡಿಸಿ. ಕೆಲವು ನೂರು ರೂಪಾಯಿಯ ಪಟ್ಟಿ ಬದಲಿಸದೆ, ಗಿರಾಕಿಯ ಕೆಲಸ ಹಾಳು ಮಾಡಿಕೊಂಡು ಯಂತ್ರವನ್ನೇ ದೂರುವುದನ್ನು ಕಂಡರೆ ಸಂಕಟವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕನ್ನಡ ಅಕ್ಷರ ಹಾಳಾಗುವ ಇನ್ನೊಂದು ದಾರಿಯಿದೆ. ಅದು ಯಂತ್ರದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ನಮ್ಮಲ್ಲಿ ಬಹಳಷ್ಟು ಅಂಗಡಿಗಳು ಇಂದಿಗೂ ಚಿತ್ರ ಬಿಡಿಸುವ ತಂತ್ರಾಂಶವಾದ ಕೋರಲ್‌ಡ್ರಾದಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಿಂದಲೇ ಬರೆಯುತ್ತವೆ. ಯುನಿಕೋಡಿಗೆ ಮುಂಚಿನ ಆ ಫಾಂಟುಗಳಲ್ಲಿ ಅಕ್ಷರ ಎಂದರೆ ಇಡಿಯಾದ ಒಂದು ಆಕಾರವಲ್ಲ, ತುಂಡುಗಳ ಜೋಡಣೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರಕ್ಷರ. ಫಾಂಟಿನ ಒಳಗೆ ಕ-ದ ಮೈ, ಅದಕ್ಕೊಂದು ತಲೆಕಟ್ಟು, ನ-ದ ಮೈ, ಅದಕ್ಕೊಂದು ತಲೆಕಟ್ಟು, ನ-ದ ಒತ್ತು, ಡ-ದ ಮೈ, ಅದಕ್ಕೊಂದು ತಲೆಕಟ್ಟು. ಒಟ್ಟು ಏಳು ತುಂಡು. ಮೈ ಮತ್ತು ತಲೆಕಟ್ಟು ಸೇರುವ ಕಡೆ ಒಂದರ ಮೇಲೊಂದು ಹಾದಿರುತ್ತವೆ. ಪ್ರಿಂಟಿಗೆ ಕಳಿಸಿದರೆ ಎರಡೂ ಒಂದೇ ಬಣ್ಣವಾಗಿ ಬೆರೆತುಹೋಗುತ್ತವೆ. ಪ್ಲಾಟರ್ ಬಣ್ಣ ನೋಡುವುದಿಲ್ಲ, ಗೆರೆ ನೋಡುತ್ತದೆ. ಮೈಯ ಗೆರೆಯನ್ನೂ ಕತ್ತರಿಸುತ್ತದೆ, ಅದರ ಮೇಲೆ ಹಾದ ತಲೆಕಟ್ಟಿನ ಗೆರೆಯನ್ನೂ ಕತ್ತರಿಸುತ್ತದೆ. ಬಿಡಿಸಲು ಹೋದರೆ ತಲೆಕಟ್ಟು ಬೇರೆ, ಅಕ್ಷರ ಬೇರೆ.

ಪರಿಹಾರ ಸುಲಭ. ಅಕ್ಷರಗಳನ್ನು ಕರ್ವ್, ಅಂದರೆ ಬರೀ ಗೆರೆ, ಮಾಡಿ, ಎಲ್ಲವನ್ನೂ ಆಯ್ದುಕೊಂಡು ವೆಲ್ಡ್ ಕೊಡಿ. ಮೇಲೆ ಬಿದ್ದಿರುವ ತುಂಡುಗಳು ಬೆಸೆದು ಒಂದೇ ಹೊರಗೆರೆಯಾಗುತ್ತವೆ. ಆಮೇಲೆ ವೈರ್‌ಫ್ರೇಮ್ ನೋಟಕ್ಕೆ ಬದಲಿಸಿ ಕಣ್ಣಾರೆ ನೋಡಿ. ಅಲ್ಲಿ ಕಾಣುವ ಪ್ರತಿ ಗೆರೆಯೂ ಬ್ಲೇಡ್ ಓಡಾಡುವ ದಾರಿ. ಅಕ್ಷರದ ಹೊಟ್ಟೆಯೊಳಗೆ ಬೇಡದ ಗೆರೆ ಹಾದಿದ್ದರೆ ಇನ್ನೂ ಬೆಸೆದಿಲ್ಲ. ಒಂದೇ ಗೆರೆ ಎರಡು ಸಲ ಕೂತಿದ್ದರೆ, ಕಾಪಿ ಮಾಡಿ ಮರೆತದ್ದು, ಬ್ಲೇಡ್ ಅದೇ ದಾರಿಯಲ್ಲಿ ಎರಡು ಸಲ ಹೋಗಿ ಕಾಗದ ಸೀಳುತ್ತದೆ. ಯುನಿಕೋಡ್ ಫಾಂಟ್ ಬಳಸುವವರೂ ಒತ್ತು ಅಕ್ಷರಕ್ಕೆ ತಾಗುವ ಕಡೆ ಇದನ್ನು ನೋಡಿಕೊಳ್ಳಲೇಬೇಕು. ವೆಲ್ಡ್ ಮಾಡುವ ಮುಂಚೆ ಕಾಗುಣಿತವನ್ನೂ ಒಮ್ಮೆ ಓದಿ. ಕರ್ವ್ ಆದ ಮೇಲೆ ಅದು ಅಕ್ಷರವಲ್ಲ, ಚಿತ್ರ. ದೀರ್ಘ ಬಿಟ್ಟುಹೋಗಿದ್ದರೆ ಮೊದಲಿಂದ ಮಾಡಬೇಕು.

ಗಿರಾಕಿಗಳು ಮೊಬೈಲಿನಲ್ಲಿ ತರುವ ಫೋಟೊ ಇನ್ನೊಂದು ಪರೀಕ್ಷೆ. ಅದನ್ನು ಟ್ರೇಸ್ ಮಾಡಿ ಗೆರೆಯಾಗಿಸಿದರೆ ಕಂಪ್ಯೂಟರ್ ಒಂದು ಸುರುಳಿಗೆ ನಾಲ್ಕು ನೋಡ್, ಅಂದರೆ ಗೆರೆಯ ಹಿಡಿತದ ಬಿಂದು, ಸಾಕಾಗುವ ಕಡೆ ನಲವತ್ತು ಇಡುತ್ತದೆ. ಪ್ರತಿ ನೋಡಿನಲ್ಲೂ ಗೆರೆ ಕೊಂಚ ಕೊಂಚ ಮುರಿಯುತ್ತದೆ, ಯಂತ್ರದ ತಲೆ ನಡುಗುತ್ತ ಹೋಗುತ್ತದೆ, ಅಂಚು ಗರಗಸದ ಹಲ್ಲಿನಂತೆ ಬರುತ್ತದೆ. ಎಷ್ಟೋ ಜನ ಇದನ್ನೂ ಬ್ಲೇಡಿನ ತಲೆಗೆ ಕಟ್ಟುತ್ತಾರೆ. ನೋಡ್ ಕಡಿಮೆ ಮಾಡಿ, ಗೆರೆಯನ್ನು ಕೈಯಿಂದ ತಿದ್ದಿದರೆ ಅದೇ ಬ್ಲೇಡ್ ಬೆಣ್ಣೆಯಂತೆ ಕತ್ತರಿಸುತ್ತದೆ. ಅಗ್ಗದ ಕೆಲವು ಸ್ಟೆಪ್ಪರ್ ಮೋಟರ್ ಯಂತ್ರಗಳಲ್ಲಿ ದೊಡ್ಡ ಕಮಾನುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ನಿಜ. ಅಲ್ಲಿ ಮಾತ್ರ ಸೆಟ್ಟಿಂಗಿನಿಂದ ಆಗುವುದು ಕಡಿಮೆ. ನಿಧಾನ ಓಡಿಸಿ, ಅಷ್ಟೆ. ನಾನು ಒಂದಿಂಚಿಗಿಂತ ಸಣ್ಣ ಅಕ್ಷರಕ್ಕೆ ಯಾವ ಯಂತ್ರದಲ್ಲೂ ಸೆಕೆಂಡಿಗೆ 100 ಮಿಲಿಮೀಟರ್ ದಾಟುವುದಿಲ್ಲ.

ವಾಹನಕ್ಕೆ ಮಾಡುವಾಗ ಸೂಜಿಮೊನೆಯಂಥ ಬಾಲಗಳನ್ನು ಸ್ವಲ್ಪ ದುಂಡು ಮಾಡುವುದು ನನ್ನ ಅಭ್ಯಾಸ. ‘ಶ್ರೀ’ಯ ಕೆಳಗಿನ ಒತ್ತು ಚೂಪಾಗಿ ಮುಗಿದರೆ ಚಂದವೇ. ಆದರೆ ಆ ಮೊನೆಯಲ್ಲಿ ಗಮ್ ಹಿಡಿಯುವಷ್ಟು ಜಾಗವಿರುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ನೀರಿನ ಪೆಟ್ಟಿಗೆ ಮೊದಲು ಏಳುವುದು ಅದೇ. ಅರ್ಧ ಮಿಲಿಮೀಟರ್ ದುಂಡು ಮಾಡಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ವರ್ಷಗಟ್ಟಲೆ ಕೂರುತ್ತದೆ.

ಹವೆಯೂ ಈ ಕೆಲಸದಲ್ಲಿ ಪಾಲುದಾರ. ಜುಲೈ ತಿಂಗಳಲ್ಲಿ ಮಲೆನಾಡು, ಕರಾವಳಿಯ ಅಂಗಡಿಗಳಲ್ಲಿ ಕೆಳಗಿನ ಕಾಗದ ತೇವ ಕುಡಿದು ಹಿಗ್ಗುತ್ತದೆ. ವಿನೈಲ್ ಹಿಗ್ಗುವುದಿಲ್ಲ. ಹಾಳೆ ಅಲೆಅಲೆಯಾಗಿ ಏಳುತ್ತದೆ, ಉದ್ದದ ಕೆಲಸ ರೋಲರಿನಡಿ ಓರೆಯಾಗಿ ಸರಿಯುತ್ತದೆ. ರೋಲನ್ನು ಪ್ಲಾಸ್ಟಿಕ್ ಚೀಲದಲ್ಲಿಯೇ ಇಟ್ಟು, ಬೇಕಾದಷ್ಟು ತೆಗೆದು ಮತ್ತೆ ಮುಚ್ಚುವುದು ಒಳ್ಳೆಯದು. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ತೊಂದರೆ ಬೇರೆ: ಗಮ್ ಮೆತ್ತಗಾಗಿ, ಕತ್ತರಿಸಿದ ಗೆರೆಯೊಳಕ್ಕೆ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಕಟ್ ಮಾಡಿ ಸಂಜೆ ಬಿಡಿಸಲು ಕೂತರೆ ಚೆನ್ನಾಗಿ ಕಟ್ ಆದದ್ದೂ ಆಗದಂತೆ ಎಳೆಯುತ್ತದೆ. ಯಾವ ಊರಿನಲ್ಲೇ ಆಗಲಿ, ಕಟ್ ಮಾಡಿದ ಕೂಡಲೇ ಬಿಡಿಸಿ.

ವಿನೈಲ್ ಕತ್ತರಿಸಲು ಲೇಸರ್ ಯಾಕೆ ಬಳಸಬಾರದು ಎಂದು ಅನೇಕರು ಕೇಳುತ್ತಾರೆ. ದಯವಿಟ್ಟು ಬೇಡ. ವಿನೈಲ್ ಎಂದರೆ ಪಿವಿಸಿ, ಅದರಲ್ಲಿ ಕ್ಲೋರಿನ್ ಇದೆ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಯಂತ್ರದ ಲೋಹವನ್ನು ತಿನ್ನುತ್ತದೆ, ಅದಕ್ಕಿಂತ ಮೊದಲು ನಮ್ಮ ಶ್ವಾಸಕೋಶವನ್ನು.

ಬಿಡಿಸುವ ಕೈಗೂ ಒಂದು ಹದ ಇದೆ. ಬೇಡದ ಭಾಗವನ್ನು ಮೇಲಕ್ಕೆ ನೆಟ್ಟಗೆ ಎಳೆಯಬಾರದು. ಮೂಲೆ ಹಿಡಿದು ಹಿಂದಕ್ಕೆ ಮಡಚಿ, ಹಾಳೆಗೆ ಒರಗಿದಂತೆ, ನಿಧಾನವಾಗಿ ಎಳೆಯಬೇಕು. ಮೇಲಕ್ಕೆತ್ತಿದರೆ ಒತ್ತುಗಳೂ ಎದ್ದು ಬರುತ್ತವೆ. ಒರಗಿಸಿ ಎಳೆದರೆ ಬೇಡದ್ದು ಮಾತ್ರ ಸುಲಿಯುತ್ತದೆ. ‘ಸಿರಿಗನ್ನಡಂ ಗೆಲ್ಗೆ’ಯನ್ನು ನಾನು ಎಡ ಮೇಲ್ತುದಿಯಿಂದ ಹಿಡಿದು ಓರೆಯಾಗಿ ಬಲ ಕೆಳತುದಿಗೆ ಎಳೆಯುತ್ತೇನೆ. ‘ನ್ನ’ ಮತ್ತು ‘ಲ್ಗೆ’ ಬಂದಾಗ ನಿಲ್ಲಿಸಿ, ಒತ್ತಿನ ಬಾಲವನ್ನು ಚಿಮುಟದ ತುದಿಯಿಂದ ಒತ್ತಿ ಹಿಡಿದುಕೊಂಡು, ಸುತ್ತಲಿನದ್ದನ್ನು ದಾಟಿಸುತ್ತೇನೆ. ಸೊನ್ನೆಯ ಒಳಗಿನ ಚುಕ್ಕೆ, ಡ-ದ ಹೊಟ್ಟೆ, ಇವನ್ನು ಕೊನೆಗೆ ಸೂಜಿಯಿಂದ ಒಂದೊಂದಾಗಿ ಎತ್ತುವುದು. ಸಾಲು ತುಂಬಾ ಉದ್ದವಿದ್ದರೆ ಕಟ್ ಮಾಡುವಾಗಲೇ ಪದಗಳ ನಡುವೆ ಒಂದೊಂದು ಅಡ್ಡಗೆರೆ ಹಾಕಿಟ್ಟರೆ, ಬೇಡದ ಭಾಗ ತುಂಡು ತುಂಡಾಗಿ ಬರುತ್ತದೆ, ತಿರುಗಿ ಅಕ್ಷರಕ್ಕೆ ಅಂಟಿಕೊಳ್ಳುವ ಭಯವಿಲ್ಲ.

ಆಮೇಲೆ ಟ್ರಾನ್ಸ್‌ಫರ್ ಟೇಪ್ (ಅಕ್ಷರಗಳನ್ನು ಒಟ್ಟಿಗೆ ಎತ್ತಿ ಸಾಗಿಸುವ ಅಂಟುಪಟ್ಟಿ) ಹಚ್ಚಿ, ಸ್ಕ್ವೀಜಿ ಎಂಬ ಉಜ್ಜುಪಟ್ಟಿಯಿಂದ ನಡುವಿನಿಂದ ಅಂಚಿಗೆ ಉಜ್ಜಿ, ಇಡೀ ತುಂಡನ್ನು ಬೋರಲು ಹಾಕಬೇಕು. ಈಗ ಕಾಗದವನ್ನು ಸುಲಿಯಬೇಕು, ಟೇಪನ್ನಲ್ಲ. ಕಾಗದವನ್ನು ಹಿಂದಕ್ಕೆ ಮಡಚಿ ಎಳೆಯುವಾಗ ಯಾವುದಾದರೂ ಒತ್ತು ಕಾಗದದಲ್ಲೇ ಉಳಿಯಲು ನೋಡಿದರೆ, ಕಾಗದವನ್ನು ಮರಳಿ ಕೂರಿಸಿ, ಅಷ್ಟೇ ಜಾಗವನ್ನು ಹಿಂದಿನಿಂದ ಉಗುರಿನಿಂದ ಗಟ್ಟಿಯಾಗಿ ಉಜ್ಜಿ, ಮತ್ತೆ ಎಳೆಯಿರಿ. ಕಟ್ ಮಾಡುವಾಗ ಕಾಗದ ಸೀಳಿದ್ದರೆ ಇಲ್ಲಿ ಅದರ ಚೂರು ಗಮ್ಮಿಗೆ ಅಂಟಿಕೊಂಡೇ ಬರುತ್ತದೆ. ಹಾಗೇ ಅಂಟಿಸಿದರೆ ಆಟೊದ ಮೇಲೆ ಅಷ್ಟು ಜಾಗ ಹಿಡಿಯುವುದಿಲ್ಲ, ಮೊದಲ ಮಳೆಗೆ ನೀರು ಒಳಹೋಗುತ್ತದೆ.

ಆ ರಾತ್ರಿ ಹೋಲ್ಡರನ್ನು ತೊಳೆದು, ಬ್ಲೇಡನ್ನು ಒಳಗೆ ಸರಿಸಿ, ಫೋರ್ಸ್ ಅನ್ನು 80ಕ್ಕೇ ಇಳಿಸಿ ಮತ್ತೆ ಕಟ್ ಕೊಟ್ಟೆ. ಹಳದಿ ವಿನೈಲಿನಿಂದ ‘ಡಂ’ನ ಸೊನ್ನೆ ತಾನಾಗಿ ಬಿಟ್ಟುಕೊಂಡು ಕಾಗದದ ಮೇಲೆ ದುಂಡಗೆ ಉಳಿಯಿತು. ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಹಿಂಬದಿಯಲ್ಲಿ ಒಂದು ಗೀರೂ ಮೂಡಿರಲಿಲ್ಲ. ಆಟೊದ ಹಿಂದಿನ ಕೆಂಪು ರೆಕ್ಸಿನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಪೂರ್ತಿ ಆರುವ ತನಕ ಆ ಅಣ್ಣನೂ ನಾನೂ ರಸ್ತೆಯಲ್ಲೇ ನಿಂತು ಕಾದೆವು.